ಗೂಬೆಗೆ ಗೂಡು, ಇಲಿಗೆ ಉಪವಾಸ

ಕೊಟ್ಟಿಗೆ ಹಿಂದಿನ ಚರಂಡಿಯಲ್ಲಿ ಗೂಬೆ ಸತ್ತು ಬಿದ್ದಿದ್ದನ್ನು ಮೊದಲು ನೋಡಿದ್ದು ನಮ್ಮತ್ತೆ. ಸುಗ್ಗಿ ಮುಗಿದು ಹದಿನೈದು ದಿನ ಆಗಿತ್ತು. ಬೆಳಿಗ್ಗೆ ಸಗಣಿ ಬಾಚಲು ಹೋದವರು ಅಲ್ಲಿಂದಲೇ ಕೂಗಿದರು. ಹೋಗಿ ನೋಡಿದೆ. ವೀಳ್ಯದೆಲೆ ಆಕಾರದ ಬಿಳಿ ಮುಖ. ಬೆನ್ನು ಒಣಹುಲ್ಲಿನ ಬಣ್ಣ, ಅದರ ಮೇಲೆ ಬೂದಿ ಚಿಮುಕಿಸಿದ ಹಾಗೆ ಚುಕ್ಕಿಗಳು. ಕಣಜ ಗೂಬೆ. ಕೈಗೆತ್ತಿಕೊಂಡರೆ ಭಾರವೇ ಇಲ್ಲ, ಸುಲಿದ ತೆಂಗಿನಕಾಯಿಯಷ್ಟೂ ತೂಗುತ್ತಿರಲಿಲ್ಲ. ಕೊಕ್ಕಿನ ತುದಿಯಲ್ಲಿ ರಕ್ತ ಒಣಗಿತ್ತು.

ಅತ್ತೆ ಅಂದರು, "ಗೂಬೆ ಮನೆ ಹತ್ರ ಸತ್ರೆ ಒಳ್ಳೇದಲ್ಲ ಕಣೆ. ಶಾಂತಿ ಮಾಡಿಸ್ಬೇಕು." ನಾನು ಏನೂ ಮಾತಾಡಲಿಲ್ಲ. ಅದಕ್ಕೆ ಒಂದು ವಾರ ಮುಂಚೆ ಅಟ್ಟದ ಮೂಲೆಯಲ್ಲಿ, ಕೊಟ್ಟಿಗೆಯ ಗೋಡೆ ಬದಿಯಲ್ಲಿ ಇಲಿ ವಿಷದ ಕೇಕ್ ಇಟ್ಟವಳು ನಾನೇ. ಪೋಸ್ಟ್‌ಮಾರ್ಟಂ ಮಾಡಿಸಿಲ್ಲ, ಹಾಗಾಗಿ ಆಣೆ ಇಟ್ಟು ಹೇಳಲಾರೆ. ಆದರೆ ವಿಷ ಇಟ್ಟವಳು ನಾನು, ಅಪಶಕುನ ಅಂತ ಗೂಬೆ ಕೂರಿಸಿದ್ದು ಗೂಬೆ ತಲೆ ಮೇಲೇ.

ನಮ್ಮ ಮನೆ ಬೇಲೂರಿನಿಂದ ಸ್ವಲ್ಪ ಒಳಗೆ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಎರಡು ಎಕರೆ ಕಾಫಿ, ಮೆಣಸು. ಹಿತ್ತಲಲ್ಲಿ ಹದಿನೆಂಟು ತೆಂಗಿನ ಮರ. ಹೆಂಚಿನ ಮನೆ, ಮೇಲೆ ಅಟ್ಟ, ಪಕ್ಕದಲ್ಲಿ ಕೊಟ್ಟಿಗೆ. ಅಂದರೆ ಇಲಿಗೆ ಊಟ, ಮನೆ, ದಾರಿ ಮೂರನ್ನೂ ನಾವೇ ಕೊಟ್ಟಿದ್ದೀವಿ. ಆ ಗೂಬೆ ಸತ್ತ ಮೇಲೆ ಏಳು ವರ್ಷದಿಂದ ವಿಷ ಬಿಟ್ಟಿದ್ದೇನೆ. ಗೋಡೆ ಮೇಲೆ ಗೂಬೆಗೊಂದು ಪೆಟ್ಟಿಗೆ ಇದೆ. ಈ ಏಳು ವರ್ಷದಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಅರ್ಧ ಗೂಬೆಯ ವಿಷಯ, ಅರ್ಧಕ್ಕಿಂತ ಜಾಸ್ತಿ ಇಲಿಯ ವಿಷಯ. ಯಾಕೆಂದರೆ ಗೂಬೆ ಬಂದುಬಿಟ್ಟರೆ ಇಲಿ ಕಾಟ ಮುಗಿಯಿತು ಅಂತ ತಿಳಿದವರಿಗೆ ನಿರಾಸೆ ಗ್ಯಾರಂಟಿ. ಅಟ್ಟದ ಮೇಲೆ ಗೂಬೆ ಬರಲ್ಲ, ಅಡುಗೆಮನೆಗಂತೂ ಬರಲ್ಲ. ದೊಡ್ಡ ಹೆಗ್ಗಣ ಅದರ ಕೈಲಿ ಆಗುವ ಕೆಲಸವೂ ಅಲ್ಲ. ಅದು ಗದ್ದೆ, ಹಿತ್ತಲು, ಬದು ಕಾಯುತ್ತೆ. ಮನೆ ಒಳಗಿನದನ್ನು ನಾವೇ ನೋಡಿಕೊಳ್ಳಬೇಕು.

ಮೊದಲು ವಿಷ ಹೊರಗೆ ಹೋಗಲಿ

ಪೆಟ್ಟಿಗೆ ಮಾಡಿಸುವ ಮುಂಚೆ ಮಾಡಬೇಕಾದ ಕೆಲಸ ಇದು. ವಿಷ ಇಟ್ಟುಕೊಂಡು ಗೂಬೆಗೆ ಮನೆ ಕಟ್ಟುವುದು ಅಂದರೆ ಊಟಕ್ಕೆ ಕರೆದು ವಿಷ ಬಡಿಸಿದ ಹಾಗೆ.

ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೋಲೋನ್ ಕೇಕ್ ತಿಂದ ಇಲಿ ತಕ್ಷಣ ಸಾಯಲ್ಲ. ಕೆಲವು ದಿನ ಬೇಕು. ಆ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತೆ, ಒಳಗೊಳಗೇ ರಕ್ತ ಸೋರುತ್ತೆ. ಆ ದಿನಗಳಲ್ಲಿ ಇಲಿಗೆ ಓಡುವ ಶಕ್ತಿ ಇರಲ್ಲ, ಬಯಲಲ್ಲಿ ತೂರಾಡುತ್ತೆ. ಗೂಬೆಗೆ ಅದಕ್ಕಿಂತ ಸುಲಭದ ಬೇಟೆ ಯಾವುದಿದೆ? ಇಡೀ ಇಲಿಯನ್ನು ನುಂಗುತ್ತೆ. ಇಲಿಯೊಳಗಿನ ವಿಷ ಗೂಬೆಯ ಪಿತ್ತಜನಕಾಂಗದಲ್ಲಿ ಉಳಿದುಕೊಳ್ಳುತ್ತೆ. ಒಂದೊಂದೇ ಇಲಿ ತಿನ್ನುತ್ತಾ ಹೋದ ಹಾಗೆ ಜಮೆ ಆಗುತ್ತೆ. ಬೆಕ್ಕು, ನಾಯಿ, ಕೇರೆ ಹಾವು, ಮುಂಗುಸಿಗೂ ಇದೇ ಕಥೆ. ನಾಯಿ ಇಂಥ ಇಲಿ ತಿಂದಿದ್ದು ಕಂಡರೆ ಆ ದಿನವೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ವಿಷದ ಪೊಟ್ಟಣವನ್ನೂ ತೆಗೆದುಕೊಂಡು ಹೋಗಿ. ಇದಕ್ಕೆ ವಿಟಮಿನ್ ಕೆ ಮದ್ದು ಇದೆ. ಹಳದಿ ರಂಜಕದ ಪೇಸ್ಟ್ ಅಂತ ಇನ್ನೊಂದು ಬರುತ್ತೆ, ಅದಕ್ಕೆ ಮದ್ದೇ ಇಲ್ಲ. ಮನುಷ್ಯರನ್ನೂ ಕೊಲ್ಲುತ್ತೆ. ಮಕ್ಕಳಿರುವ ಮನೆಯಲ್ಲಿ ಅದು ಇರಲೇಬಾರದು.

ಅಂಟಿನ ಹಲಗೆಯನ್ನೂ ಒಂದು ಸಲ ತಂದಿದ್ದೆ. ಅದಕ್ಕೆ ಅಂಟಿದ್ದು ಎರಡು ಹಲ್ಲಿ, ಒಂದು ಹಾವುರಾಣಿ. ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು. ಮತ್ತೆ ತರಲಿಲ್ಲ.

ಇಲಿಯ ಊಟದ ಲೆಕ್ಕ

ಒಂದು ರಾತ್ರಿ ಸುಮ್ನೆ ಟಾರ್ಚ್ ಹಿಡಿದು ಮನೆ ಸುತ್ತ ಓಡಾಡಿ. ನಾನು ಓಡಾಡಿದ್ದೆ. ಇಲಿ ಏನು ತಿನ್ನುತ್ತಿದೆ ಅಂತ ನೋಡಿ ನಾಚಿಕೆಯಾಯಿತು. ನಾಯಿ ತಟ್ಟೆಯಲ್ಲಿ ಉಳಿದ ಅನ್ನ. ಮುಚ್ಚದ ಮುಸುರೆ ಬಾನಿ. ಕೊಟ್ಟಿಗೆಯಲ್ಲಿ ಬಾಯಿ ಬಿಚ್ಚಿದ ಬೂಸಾ ಚೀಲ. ಕೋಳಿಗೆ ಸಂಜೆ ಎರಚಿದ ನುಚ್ಚು. ಮರದ ಕೆಳಗೆ ಬಿದ್ದು ಕೊಳೆಯುತ್ತಿದ್ದ ಬೆಣ್ಣೆಹಣ್ಣು. ಅಟ್ಟದಲ್ಲಿ ಒಣಕೊಬ್ಬರಿ ಬುಟ್ಟಿ. ಇಷ್ಟೆಲ್ಲ ಇದ್ದ ಮೇಲೆ ಇಲಿ ನಮ್ಮ ಬೋನಿನ ವಡೆಗೆ ಯಾಕೆ ಬರುತ್ತೆ?

ಒಂದೊಂದನ್ನೇ ಮುಚ್ಚಿದೆವು. ನಾಯಿಗೆ ಸಂಜೆ ಆರಕ್ಕೆ ಊಟ, ಅರ್ಧ ಗಂಟೆಗೆ ತಟ್ಟೆ ಒಳಗೆ. ಮೊದಲ ವಾರ ನಾಯಿ ಮುನಿಸಿಕೊಂಡಿತು, ಆಮೇಲೆ ಟೈಮಿಗೆ ಸರಿಯಾಗಿ ಬಂದು ಕೂರುವುದನ್ನು ಕಲಿತುಕೊಂಡಿತು. ಮುಸುರೆಯನ್ನು ರಾತ್ರಿಗೆ ಉಳಿಸದೆ ಎಮ್ಮೆಗೆ ಸಂಜೆಯೇ ಕುಡಿಸಿ ಬಾನಿ ತೊಳೆದು ಕವುಚುತ್ತೇವೆ. ಬೂಸಾ, ಹಿಂಡಿ, ಬಿತ್ತನೆ ಬೀಜ ಎಲ್ಲ ತಗಡಿನ ಡ್ರಮ್ಮಿಗೆ ಹೋಯಿತು. ಪ್ಲಾಸ್ಟಿಕ್ ಡ್ರಮ್ ಬೇಡ. ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತೆ, ಅದಕ್ಕೆ ಏನಾದರೂ ಕಡಿಯಲೇಬೇಕು. ನಮ್ಮ ನೀಲಿ ಡ್ರಮ್ಮಿನ ಮುಚ್ಚಳದ ಅಂಚನ್ನು ನಾಲ್ಕು ರಾತ್ರಿಯಲ್ಲಿ ಕಡಿದು ಹಾಕಿತ್ತು.

ತಿಪ್ಪೆಗೆ ಸಗಣಿ, ಸೊಪ್ಪು, ತರಗೆಲೆ ಮಾತ್ರ. ಬೇಯಿಸಿದ್ದು ಯಾವುದೂ ಬೇಡ. ಉಳಿದ ಅನ್ನ ಹಾಕಲೇಬೇಕು ಅಂದರೆ ಮುಚ್ಚಳ ಇರುವ ಡ್ರಮ್ಮಿಗೆ ಹಾಕಿ, ತಳಕ್ಕೆ ಸಣ್ಣ ಕಣ್ಣಿನ ಜಾಲರಿ ಹೊಡೆಯಿರಿ. ಹಕ್ಕಿಗೆ ಕಾಳು ಹಾಕುವ ಅಭ್ಯಾಸ ಇರುವವರು ಬೆಳಿಗ್ಗೆ ಹಾಕಿ, ಒಂದು ಗಂಟೆಯಲ್ಲಿ ಖಾಲಿಯಾಗುವಷ್ಟೇ ಹಾಕಿ. ಸಂಜೆ ನೆಲದಲ್ಲಿ ಕಾಳು ಉಳಿದರೆ ಅದು ಹಕ್ಕಿಯ ಪಾಲಲ್ಲ.

ಅತ್ತೆ ಹೇಳುತ್ತಿದ್ದರು, ಅವರ ತವರಲ್ಲಿ ರಾಗಿಯನ್ನು ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲದ ಗುಂಡಿಯಲ್ಲಿ ಹಾಕಿ ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರಂತೆ. ವರ್ಷಗಟ್ಟಲೆ ಇಟ್ಟರೂ ಇಲಿ ಮುಟ್ಟುತ್ತಿರಲಿಲ್ಲವಂತೆ. ನಾವು ಗೋಣಿಚೀಲದಲ್ಲಿ ಭತ್ತ ತುಂಬಿ ಗೋಡೆಗೆ ಒರಗಿಸಿ ಇಡುವುದನ್ನು ಕಲಿತ ಮೇಲೆ ಇಲಿಗೆ ಹಬ್ಬ ಶುರುವಾಗಿದ್ದು. ಚೀಲ ಇಡಲೇಬೇಕಾದರೆ ಒಂದೂವರೆ ಅಡಿ ಎತ್ತರದ ಹಲಗೆ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಇಡಿ. ಸುತ್ತ ಕಸಬರಿಗೆ ಆಡುವಷ್ಟು ಜಾಗ ಇರಬೇಕು. ಇಲಿಗೆ ಮರೆ ಇಲ್ಲದ ಜಾಗ ಅಂದರೆ ಭಯ.

ದಾರಿ ಹುಡುಕುವುದು

ಇದು ನನಗೆ ಇಷ್ಟವಾದ ಕೆಲಸ. ಮಲಗುವ ಮುಂಚೆ ಒಲೆಯ ಬೂದಿಯನ್ನು ಜರಡಿ ಹಿಡಿದು ಗೋಡೆ ಬುಡದಲ್ಲಿ ತೆಳ್ಳಗೆ ಉದುರಿಸಿ. ಬೆಳಿಗ್ಗೆ ನೋಡಿ. ಮುಂಗಾಲಿನ ಗುರುತಲ್ಲಿ ನಾಲ್ಕು ಬೆರಳು, ಹಿಂಗಾಲಿನದರಲ್ಲಿ ಐದು. ನಡುವೆ ಬಾಲ ಎಳೆದ ಗೆರೆ. ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿದರೆ ಸಾಕು, ತೂತು ಸಿಕ್ಕುತ್ತೆ. ನಮ್ಮ ಮನೆಯಲ್ಲಿ ಅದು ಬಚ್ಚಲ ಹಂಡೆ ಒಲೆಯ ಹಿಂದೆ ಇತ್ತು. ಮೂವತ್ತು ವರ್ಷದಿಂದ ಆ ಮನೆಯಲ್ಲಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ.

ಹೆಬ್ಬೆರಳು ತೂರುವ ತೂತಿದ್ದರೆ ಇಲಿಮರಿ ತೂರುತ್ತೆ. ಪೆನ್ಸಿಲ್ ತೂರಿದರೆ ಚಿಟ್ಟಿಲಿ ತೂರುತ್ತೆ. ಬಟ್ಟೆ, ಮಣ್ಣು, ಥರ್ಮೋಕೋಲ್ ತುರುಕಿ ಪ್ರಯೋಜನ ಇಲ್ಲ. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಒತ್ತಿ ತುಂಬಿ, ಮೇಲೆ ಸಿಮೆಂಟ್ ಹಚ್ಚಿ. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ. ಮೋರಿಗೆ ಜಾಲರಿ. ಹೆಂಚಿಗೆ ತಾಗುವ ಕೊಂಬೆ ಯಾವುದಿದೆಯೋ ಅದನ್ನು ಕಡಿಯಿರಿ. ಮನೆ ಇಲಿ ಮರ ಹತ್ತುವುದರಲ್ಲಿ ಅಳಿಲಿಗೇನೂ ಕಮ್ಮಿ ಇಲ್ಲ.

ತೆಂಗಿಗೆ ತಗಡು ಸುತ್ತಿಸುವುದು ಒಳ್ಳೆಯ ಉಪಾಯ. ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಅಗಲದ ನುಣುಪಾದ ತಗಡನ್ನು ನೆಲದಿಂದ ಆರೂವರೆ ಅಡಿ ಮೇಲೆ ಕಾಂಡಕ್ಕೆ ಬಿಗಿಯಾಗಿ ಸುತ್ತಿ ಮೊಳೆ ಹೊಡೆಯಬೇಕು. ಇಲಿಗೆ ಉಗುರು ಊರಲು ಆಗಲ್ಲ, ಜಾರುತ್ತೆ. ಆದರೆ ಒಂದು ಮರದ ಗರಿ ಇನ್ನೊಂದಕ್ಕೆ ತಾಗುತ್ತಿದ್ದರೆ ತಗಡು ದಂಡ. ನಮ್ಮ ಹದಿನೆಂಟರಲ್ಲಿ ಐದು ಮರ ಹಾಗೇ ತಾಗುತ್ತವೆ. ಐದಕ್ಕೂ ತಗಡು ಹೊಡೆದಿದ್ದೇವೆ. ಆದರೆ ಅವುಗಳಲ್ಲಿ ಒಂದರ ತಲೆ ಹಳೇ ಹಲಸಿನ ಮರಕ್ಕೂ ತಾಗುತ್ತೆ, ಇಲಿ ಅಲ್ಲಿಂದ ಇಳಿಯುತ್ತೆ. ಹಲಸನ್ನು ಕಡಿಯಲು ಅತ್ತೆ ಬಿಡಲ್ಲ. ಆ ಐದು ಮರದ ಎಳೆಗಾಯಿ ಇಲಿಗೆ ಅಂತ ಬಿಟ್ಟುಬಿಟ್ಟಿದ್ದೇನೆ.

ಬೋನಿನ ಬಗ್ಗೆ ಒಂದೇ ಮಾತು. ಇಲಿಗೆ ಹೊಸ ವಸ್ತು ಅಂದರೆ ಅನುಮಾನ. ಬೋನು ತಂದ ದಿನವೇ ಬಾಗಿಲು ಎತ್ತಿ ಇಟ್ಟರೆ ಒಂದು ಇಲಿ ಬೀಳಬಹುದು, ಉಳಿದವು ಕಲಿತುಬಿಡುತ್ತವೆ. ಮೂರು ದಿನ ಬಾಗಿಲನ್ನು ದಾರದಲ್ಲಿ ಕಟ್ಟಿಹಾಕಿ, ಒಳಗೆ ಸುಟ್ಟ ಕೊಬ್ಬರಿ ಚೂರು ಇಡಿ. ತಿಂದುಕೊಂಡು ಹೋಗಲಿ. ನಾಲ್ಕನೇ ರಾತ್ರಿ ದಾರ ಬಿಚ್ಚಿ. ನನ್ನ ದಾಖಲೆ ಹನ್ನೊಂದು ದಿನದಲ್ಲಿ ಒಂಬತ್ತು. ಬೋನು ಗೋಡೆಗೆ ಅಂಟಿಕೊಂಡಿರಲಿ, ನಡುಮನೆಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ.

ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪ್ಲಾಸ್ಟಿಕ್ ಕವರ್ ಕೈಗೆ ಹಾಕಿಕೊಂಡು ಎತ್ತಿ, ಆಳವಾಗಿ ಹೂಳಿ. ಮಲೆನಾಡಿನ ಮಳೆಯಲ್ಲಿ ಇಲಿ ಜ್ವರ ತಮಾಷೆಯಲ್ಲ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದರೂ ಬರುತ್ತೆ. ಗದ್ದೆಗೆ ಇಳಿದ ಮೇಲೆ ಜ್ವರ, ಮೀನಖಂಡ ನೋವು ಬಂದರೆ ಡಾಕ್ಟರಿಗೆ ಗದ್ದೆ ವಿಷಯ, ಇಲಿ ವಿಷಯ ಎರಡನ್ನೂ ಹೇಳಿ.

ಪೆಟ್ಟಿಗೆ

ಈಗ ಗೂಬೆ. ಕಣಜ ಗೂಬೆ ಗೂಡು ಕಟ್ಟುವ ಹಕ್ಕಿಯಲ್ಲ. ಪೊಟರೆ, ಪಾಳು ಮನೆ, ಹಳೇ ಗೋಪುರದ ಸಂದಿ, ಹೀಗೆ ಕತ್ತಲಿರುವ, ಮಳೆ ತಾಗದ ಜಾಗ ಸಿಕ್ಕಿದರೆ ಹುಲ್ಲುಕಡ್ಡಿ ಕೂಡ ತರದೆ ಮೊಟ್ಟೆ ಇಡುತ್ತೆ. ಅಂಥ ಜಾಗ ಕಮ್ಮಿಯಾಗುತ್ತಿದೆ. ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕುತ್ತಿದ್ದೇವೆ, ಪೊಟರೆ ಇರುವ ಮುದಿ ಮರ ಸೌದೆಗೆ ಹೋಗುತ್ತೆ.

ನಮ್ಮೂರ ಆಚಾರಿಗೆ ಅಳತೆ ಬರೆದುಕೊಟ್ಟೆ. ತಳ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ. ಎತ್ತರ ಎರಡೂವರೆ ಅಡಿ. ಮುಂದಿನ ಹಲಗೆಯಲ್ಲಿ ಐದು ಇಂಚಿನ ಚೌಕ ತೂತು. ತೂತಿನ ಕೆಳ ಅಂಚು ತಳದಿಂದ ಒಂದೂವರೆ ಅಡಿ ಮೇಲೆ ಇರಬೇಕು, ಇದು ಬಹಳ ಮುಖ್ಯ. ಅವರು ಮೊದಲು ತೂತನ್ನು ಗಿಳಿ ಪಂಜರದ ಬಾಗಿಲ ಹಾಗೆ ತಳದ ಹತ್ತಿರವೇ ಕೊರೆದಿದ್ದರು. "ಮರಿ ಉರುಳಿ ಬೀಳುತ್ತೆ ಆಚಾರ್ರೆ" ಅಂದೆ. "ಮನುಷ್ಯರ ಮನೆಗೇ ಇಷ್ಟು ವಾಸ್ತು ನೋಡಲ್ಲ ಅಮ್ಮ" ಅಂತ ಗೊಣಗುತ್ತಾ ಹಲಗೆ ಬದಲಿಸಿದರು.

ಐದು ಇಂಚು ಅಂದಾಗ ಒಂದು ಮಾತು ನೆನಪಾಯಿತು. ನನ್ನ ತಂಗಿ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಹಿತ್ತಲಿಗೆ ಹೆಡ್ಜ್‌ಹಾಗ್ ಅಂತ ಮುಳ್ಳುಮೈಯ ಪುಟ್ಟ ಪ್ರಾಣಿ ಬರುತ್ತಂತೆ. ನಮ್ಮ ಕಾಡಿನ ಮುಳ್ಳುಹಂದಿಯಲ್ಲ, ಎರಡು ಅಂಗೈ ಮೇಲೆ ಕೂರುವಷ್ಟೇ ಇರುವ, ಹುಳ ತಿನ್ನುವ ಪ್ರಾಣಿ. ಅದು ಓಡಾಡಲಿ ಅಂತ ಬೇಲಿಯ ಬುಡದಲ್ಲಿ ಜನ ಹದಿಮೂರು ಸೆಂಟಿಮೀಟರಿನ ಚೌಕ ಕಿಂಡಿ ಬಿಡುತ್ತಾರಂತೆ. ಹೆಚ್ಚುಕಮ್ಮಿ ಐದು ಇಂಚೇ! ಅವಳಿಗೂ ಇದೇ ತಲೆನೋವು. ಹೆಡ್ಜ್‌ಹಾಗ್‌ಗೆ ಇಟ್ಟ ಊಟಕ್ಕೆ ಇಲಿ ಬರುತ್ತೆ. "ದೊಡ್ಡಮ್ಮ, ಏನು ಮಾಡ್ಲಿ?" ಅಂದಳು. ನಾಯಿ ತಟ್ಟೆಯ ಕಥೆ ಹೇಳಿದೆ. ಈಗ ಅವಳು ಕತ್ತಲಾದ ಮೇಲೆ ಸ್ವಲ್ಪವೇ ಇಟ್ಟು, ಉಳಿದದ್ದನ್ನು ಬೆಳಿಗ್ಗೆ ಎದ್ದ ಕೂಡಲೇ ತೆಗೆಯುತ್ತಾಳೆ. ಹಾಲು ಮಾತ್ರ ಇಡಲ್ಲ, ಅದಕ್ಕೆ ಹಾಲು ಅರಗಲ್ಲ, ಭೇದಿಯಾಗುತ್ತೆ. ಕುಡಿಯಲು ನೀರು ಸಾಕು. ಹೆಡ್ಜ್‌ಹಾಗ್‌ಗೆ ಇಟ್ಟ ಗೂಡಿನ ಬಾಗಿಲನ್ನು ಇಲಿ ಓಡಾಡುವ ಗೋಡೆ ಬದಿಯಿಂದ ಬಯಲಿನ ಕಡೆಗೆ ತಿರುಗಿಸಿದ್ದಾಳೆ.

ನಮ್ಮ ಪೆಟ್ಟಿಗೆಗೆ ಬರೋಣ. ಹಲಗೆ ಅರ್ಧ ಇಂಚಿನ ಪ್ಲೈವುಡ್ ಆದರೂ ಆಗುತ್ತೆ, ಹಳೇ ಸಿಲ್ವರ್ ಓಕ್ ಮರದ ಹಲಗೆ ಆದರೆ ಇನ್ನೂ ಒಳ್ಳೆಯದು. ಒಳಗೆ ಬಣ್ಣ, ವಾರ್ನಿಷ್ ಬೇಡ. ಹೊರಗೆ ಹಚ್ಚಿದರೆ ವಾಸನೆ ಪೂರ್ತಿ ಹೋಗುವ ತನಕ ಒಣಗಿಸಿ. ತಳದಲ್ಲಿ ನಾಲ್ಕು ಸಣ್ಣ ತೂತು, ತೇವ ಇಳಿಯಲು. ಮೇಲ್ಚಾವಣಿ ಇಳಿಜಾರಾಗಿ, ಮುಂದಕ್ಕೆ ಆರು ಇಂಚು ಚಾಚಿರಲಿ. ಒಳಗೆ ತೂತಿನ ಕೆಳಗೆ ಎರಡು ಅಡ್ಡಪಟ್ಟಿ ಹೊಡೆಯಿರಿ, ಮರಿಗೆ ಹತ್ತಿ ಬರಲು ಬೇಕು. ಹೊರಗೆ ತೂತಿನ ಕೆಳಗೆ ಅಂಚು ಎತ್ತರಿಸಿದ ಒಂದು ಸಣ್ಣ ಜಗಲಿ ಇದ್ದರೆ ಮರಿ ರೆಕ್ಕೆ ಬಡಿದು ಅಭ್ಯಾಸ ಮಾಡುತ್ತೆ. ಪಕ್ಕದಲ್ಲಿ ತೊಳೆಯುವುದಕ್ಕೆ ಒಂದು ಬಾಗಿಲು, ಕೀಲು ಹಾಕಿದ್ದು. ತಳಕ್ಕೆ ಎರಡು ಹಿಡಿ ಒಣ ಹತ್ತರಿ ಹೊಟ್ಟು ಹಾಕಿ. ಬೇರೆ ಅಲಂಕಾರ ಏನೂ ಬೇಡ.

ಎಲ್ಲಿ ಇಡಬೇಕು? ನಮ್ಮ ಕೊಟ್ಟಿಗೆಯಲ್ಲಿ ಹೆಂಚಿನ ಎರಡು ಇಳಿಜಾರು ಬಂದು ಸೇರುವ ಗೋಡೆಯ ನೆತ್ತಿಯಲ್ಲಿ, ಸೂರಿನ ಕೆಳಗೆ ಇಟ್ಟಿದ್ದೇವೆ. ನೆಲದಿಂದ ಹದಿನಾಲ್ಕು ಅಡಿ. ಹನ್ನೆರಡಕ್ಕಿಂತ ಕೆಳಗೆ ಬೇಡ. ಮುಖ ಪೂರ್ವಕ್ಕೆ, ಗದ್ದೆ ಕಡೆಗೆ. ನಮ್ಮ ಕಡೆ ಮಳೆ ಹೊಡೆಯುವುದು ಪಶ್ಚಿಮದಿಂದ, ಆ ಕಡೆ ಮುಖ ಮಾಡಿದರೆ ಜೂನ್, ಜುಲೈನಲ್ಲಿ ಪೆಟ್ಟಿಗೆ ಕೆರೆಯಾಗುತ್ತೆ. ಪೆಟ್ಟಿಗೆಯ ಹತ್ತಿರ ಕೊಂಬೆ, ವೈರು, ಏಣಿ ಯಾವುದೂ ಇರಬಾರದು. ಬೆಕ್ಕು, ಪುನುಗು ಬೆಕ್ಕು ಹತ್ತುತ್ತವೆ. ಎದುರು ಬಲ್ಬ್ ಇದ್ದರೆ ಬೇರೆ ಕಡೆಗೆ ತಿರುಗಿಸಿ.

ಅತ್ತೆ ಒಪ್ಪಿದ್ದು ಸುಲಭಕ್ಕಲ್ಲ. "ಗೂಬೆಗೆ ಮನೆ ಕಟ್ಟಿಕೊಡ್ತೀಯೇನೆ? ಊರೋರು ನಮ್ಮ ಅಂಗಳಕ್ಕೆ ಕಾಲಿಡಲ್ಲ" ಅಂದರು. ಬಂಗಾಳದ ಕಡೆ ಗೂಬೆ ಲಕ್ಷ್ಮಿಯ ವಾಹನ ಅಂತ ಹೇಳಿದೆ. "ನಮ್ಮ ಲಕ್ಷ್ಮಿ ಆನೆ ಜೊತೆ ಇರ್ತಾಳೆ" ಅಂದರು. ಕೊನೆಗೆ ಅವರು ಸೋತಿದ್ದು ಭತ್ತದ ಲೆಕ್ಕಕ್ಕೆ. ಆ ವರ್ಷ ಇಲಿ ತಿಂದು ಹಾಳು ಮಾಡಿದ ಎರಡು ಚೀಲ ಭತ್ತವನ್ನು ಅಂಗಳದಲ್ಲಿ ಸುರಿದು ತೋರಿಸಿದೆ. ಅರ್ಧ ಹೊಟ್ಟು, ಅರ್ಧ ಹಿಕ್ಕೆ. ಸುಮ್ಮನಾದರು.

ಕಾಯುವುದು

ಪೆಟ್ಟಿಗೆ ಇಟ್ಟ ಮರುದಿನ ಗೂಬೆ ಬರಲ್ಲ. ನಮ್ಮಲ್ಲಿ ಮೊದಲು ಬಂದಿದ್ದು ತುಡುವೆ ಜೇನು. ಕತ್ತಲು, ಒಣ ಜಾಗ, ಎತ್ತರ, ಅದಕ್ಕೂ ಅದೇ ಬೇಕು ತಾನೇ. ಜೇನು ಹಿಡಿಯುವವರನ್ನು ಕರೆದು ಸಂಜೆ ಹೊತ್ತು ಜೇನುಪೆಟ್ಟಿಗೆಗೆ ಇಳಿಸಿದೆವು. ಎರಡನೇ ವರ್ಷ ಗೊರವಂಕ ಬಂದು ಹುಲ್ಲು, ಪ್ಲಾಸ್ಟಿಕ್ ದಾರ, ಹಾವಿನ ಪೊರೆ ತುಂಬಿಸಿತು. ಅದರ ಮರಿ ಹಾರಿಹೋದ ಮೇಲೆ ಖಾಲಿ ಮಾಡಿದೆ. ಮೂರನೇ ವರ್ಷ ಕಾರ್ತಿಕ ಮಾಸದಲ್ಲಿ ಒಂದು ರಾತ್ರಿ ಕೊಟ್ಟಿಗೆ ಕಡೆಯಿಂದ ಯಾರೋ ಗೊರಕೆ ಹೊಡೆದ ಹಾಗೆ ಸದ್ದು. ಎಮ್ಮೆಯೇನೋ ಅಂದುಕೊಂಡೆ. ಎಮ್ಮೆ ಆರಾಮಾಗಿ ಮೆಲುಕು ಹಾಕುತ್ತಿತ್ತು. ಸದ್ದು ಮೇಲಿನಿಂದ.

ಕಣಜ ಗೂಬೆ ಗೂಕ್ ಗೂಕ್ ಅನ್ನಲ್ಲ. ಕಿರುಚುತ್ತೆ, ಬಟ್ಟೆ ಹರಿದ ಹಾಗೆ. ಮರಿಗಳು ಹಸಿದಾಗ ಉಸ್ಸ್ ಅಂತ ಗೊರಕೆಯ ಸದ್ದು ಮಾಡುತ್ತವೆ. ಮೊದಲ ಸಲ ಕೇಳಿದವರಿಗೆ ಎದೆ ನಡುಗುವುದು ಸಹಜ, ದೆವ್ವದ ಕಥೆಗಳಲ್ಲಿ ಅರ್ಧ ಇದರಿಂದಲೇ ಹುಟ್ಟಿರಬೇಕು. ಕೆಲಸಕ್ಕೆ ಬರುವವರಿಗೆ, ಪಕ್ಕದ ಮನೆಯವರಿಗೆ ಮುಂಚೆಯೇ ಹೇಳಿಡಿ. ಇಲ್ಲದಿದ್ದರೆ ಯಾರೋ ಕಲ್ಲು ಹೊಡೆದುಬಿಡುತ್ತಾರೆ.

ಗೂಬೆ ಬಂತು ಅಂತ ಗೊತ್ತಾದ ಮೇಲೆ ನಮ್ಮ ಕೆಲಸ ಸುಮ್ಮನಿರುವುದು. ಏಣಿ ಹತ್ತಬೇಡಿ, ತೂತಿಗೆ ಟಾರ್ಚ್ ಬಿಡಬೇಡಿ, ಫ್ಲ್ಯಾಶ್ ಹಾಕಿ ಫೋಟೋ ಬೇಡವೇ ಬೇಡ. ಹೆದರಿದ ತಾಯಿ ಮೊಟ್ಟೆ ಬಿಟ್ಟು ಹೋಗಬಹುದು. ಮೊಟ್ಟೆಯನ್ನು ಎರಡು ಮೂರು ದಿನಕ್ಕೊಂದರಂತೆ ಇಡುತ್ತೆ, ಮೊದಲನೆಯದು ಇಟ್ಟಾಗಿನಿಂದಲೇ ಕಾವು ಶುರು. ತಿಂಗಳಿಗೆ ಮರಿ. ಅದಕ್ಕೇ ಒಂದೇ ಗೂಡಿನಲ್ಲಿ ದೊಡ್ಡಣ್ಣ, ಚಿಕ್ಕತಮ್ಮ ಅಂತ ಮೆಟ್ಟಿಲು ಮೆಟ್ಟಿಲಾಗಿ ಮರಿಗಳು ಇರುತ್ತವೆ. ಹಾರಲು ಸುಮಾರು ಎರಡು ತಿಂಗಳು ಬೇಕು. ಊಟ ನಾವು ಇಡಬಾರದು. ಕೋಳಿ ಕರುಳು, ಮಾಂಸದ ಚೂರು ಇಟ್ಟರೆ ಬರುವುದು ಇಲಿ, ಇರುವೆ.

ದೀಪಾವಳಿ ಹೊತ್ತಿಗೆ ಮಾಟ ಮಂತ್ರಕ್ಕೆ ಅಂತ ಗೂಬೆ ಹಿಡಿಯುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗೂಬೆ ಹಿಡಿಯುವುದು, ಮಾರುವುದು, ಸಾಕುವುದು ಎಲ್ಲ ಅಪರಾಧ. ಆದರೂ ನಡೆಯುತ್ತೆ. ಹಾಗಾಗಿ ಪೆಟ್ಟಿಗೆ ಎಲ್ಲಿದೆ ಅಂತ ವಾಟ್ಸಾಪ್‌ನಲ್ಲಿ ಸಾರಬೇಡಿ. ನಾನೂ ಊರಿನ ಹೆಸರು ಬರೆದಿಲ್ಲ, ಗಮನಿಸಿರಬಹುದು.

ಪಕ್ಕದ ಗದ್ದೆಯವರ ಹತ್ತಿರ ಮಾತಾಡುವುದು ಇನ್ನೊಂದು ಕೆಲಸ. ಗೂಬೆಗೆ ನಮ್ಮ ಬೇಲಿ ಗೊತ್ತಿಲ್ಲ. ನಾನು ವಿಷ ಬಿಟ್ಟು ಅವರು ಇಟ್ಟರೆ ಏನು ಬಂತು? ಹೋಗಿ ಹೇಳಿದೆ. "ಅಕ್ಕ, ನಿಮ್ ಗೂಬೆ ನಮ್ ಗದ್ದೇಗೂ ಬರುತ್ತಾ?" ಅಂದರು. ಬರುತ್ತೆ ಅಂದೆ. "ಹಂಗಾದ್ರೆ ಕೂಲಿ ಎಷ್ಟು?" ಅಂತ ನಕ್ಕರು. ಈಗ ಭತ್ತ ತೆನೆ ಕಟ್ಟುವ ಮುಂಚೆ ಮೂರು ಮನೆಯವರೂ ಒಂದೇ ವಾರ ಬೋನು ಇಡುತ್ತೇವೆ, ಬದುವಿನ ಹುಲ್ಲು ಕೊಯ್ದು ಬಿಲ ಒಡೆಯುತ್ತೇವೆ. ಒಬ್ಬರೇ ಮಾಡಿದರೆ ಖಾಲಿಯಾದ ಜಾಗಕ್ಕೆ ಪಕ್ಕದ ಇಲಿ ಬಂದು ಸೇರುತ್ತೆ. ಮೂರು ವಾರಕ್ಕೆ ಮರಿ ಹಾಕುವ ಪ್ರಾಣಿ ಅದು.

ಉಂಡೆ ಬಿಡಿಸಿ ನೋಡಿ

ಪೆಟ್ಟಿಗೆ ಕೆಳಗೆ ಕಪ್ಪಗೆ ಹೊಳೆಯುವ, ಹೆಬ್ಬೆರಳಿಗಿಂತ ದಪ್ಪದ ಉಂಡೆಗಳು ಬೀಳುತ್ತವೆ. ಹಿಕ್ಕೆಯಲ್ಲ. ಗೂಬೆ ನುಂಗಿದ್ದರಲ್ಲಿ ಅರಗದ ಕೂದಲು, ಮೂಳೆಯನ್ನು ಬಾಯಿಂದ ಉಗುಳಿದ ಉಂಡೆ. ಬೇಸಿಗೆ ರಜೆಗೆ ಬಂದ ಮೊಮ್ಮಗನ ಜೊತೆ ಒಂದನ್ನು ಬಿಡಿಸಿದೆ. ಇಬ್ಬರೂ ಕೈಗವಸು ಹಾಕಿಕೊಂಡು, ಉಂಡೆಯನ್ನು ಬಿಸಿನೀರಿನಲ್ಲಿ ನೆನೆಸಿ, ಪೇಪರ್ ಮೇಲಿಟ್ಟು ದಬ್ಬಣದಲ್ಲಿ ನಿಧಾನಕ್ಕೆ ಬಿಡಿಸಿದೆವು. ಬೂದು ಕೂದಲು ಹತ್ತಿಯ ಹಾಗೆ ಬಿಟ್ಟುಕೊಂಡಿತು. ಮೊದಲು ಒಂದು ದವಡೆ. ಆಮೇಲೆ ಸೂಜಿಯಂಥ ಪಕ್ಕೆಲುಬು. ಆಮೇಲೆ ಒಂದೊಂದಾಗಿ ಮೂರು ತಲೆಬುರುಡೆ.

ಎರಡರಲ್ಲಿ ಮುಂದೆ ಹಳದಿ ಬಣ್ಣದ ಬಾಗಿದ ಉಳಿಹಲ್ಲು, ಆಮೇಲೆ ಖಾಲಿ ಜಾಗ, ಹಿಂದೆ ದವಡೆಹಲ್ಲು. ಅದು ಇಲಿ. ಮೂರನೆಯದರಲ್ಲಿ ಖಾಲಿ ಜಾಗವೇ ಇಲ್ಲ, ತುದಿಯಿಂದ ಕೊನೆವರೆಗೂ ಚೂಪು ಬಿಳಿ ಹಲ್ಲು. ಅದು ಮೂಗಿಲಿ. ಉದ್ದ ಮೂತಿ, ಕಿಚಿಕಿಚಿ ಸದ್ದು, ಕೆಟ್ಟ ವಾಸನೆ, ಗೋಡೆ ಬದಿಗೆ ಓಡುವ ಆ ಪ್ರಾಣಿಯನ್ನು ನಾವೆಲ್ಲ ಇಲಿ ಅಂತ ಹೊಡೆಯುತ್ತೇವೆ. ಅದು ಇಲಿಯ ಜಾತಿಯೇ ಅಲ್ಲ. ಜಿರಲೆ, ಹುಳ ತಿನ್ನುತ್ತೆ. ಹಲ್ಲು ನೋಡಿದ ಮೇಲೆ ಮೊಮ್ಮಗನೇ ಹೇಳಿದ, "ಇದು ಕಾಳು ತಿನ್ನೋ ಹಲ್ಲಲ್ಲ ಅಲ್ವಾ ಅಜ್ಜಿ?" ಅವತ್ತಿನಿಂದ ನಮ್ಮ ಬೋನಿಗೆ ಮೂಗಿಲಿ ಬಿದ್ದರೆ ಹಿತ್ತಲಿಗೆ ಬಿಡುತ್ತೇವೆ.

ನೆಲದ ಮೇಲಿನ ಬಾಡಿಗೆದಾರರು

ಕಪ್ಪೆ, ಹಾವುರಾಣಿಗೂ ಒಂದು ಮೂಲೆ ಇರಲಿ. ಒಡೆದ ಮಡಕೆಯನ್ನು ನೆರಳಲ್ಲಿ ಅರ್ಧ ಹೂತು, ಬಾಯಿಗೆ ತರಗೆಲೆ ಮುಚ್ಚಿದರೆ ನೆಲಗಪ್ಪೆ ತಾನೇ ಬಂದು ಸೇರುತ್ತೆ. ಮನೆ ಗೋಡೆಯಿಂದ ದೂರ ಇಡಿ. ಮಡಕೆಯೊಳಗೆ ಕಾಳಿನ ಸಿಪ್ಪೆ, ಕೂಡಿಟ್ಟ ಹುಲ್ಲು ಕಂಡರೆ ಇಲಿ ಸೇರಿದೆ ಅಂತ ಅರ್ಥ. ಅದನ್ನು ಎತ್ತಿ ಬೇರೆ ಕಡೆ ಇಡಿ. ಸೌದೆಯನ್ನು ಕಲ್ಲು ಚಪ್ಪಡಿ ಮೇಲೆ, ಕೆಳಗೆ ಒಂದು ಅಡಿ ಗಾಳಿ ಆಡುವ ಹಾಗೆ ಒಟ್ಟಿ. ಕೇರೆ ಹಾವು ಕಂಡರೆ ಬಿಟ್ಟುಬಿಡಿ, ವಿಷ ಇಲ್ಲ, ಗೂಬೆ ಮಲಗಿದ ಮೇಲೆ ಹಗಲು ಪಾಳಿ ಅದರದ್ದು. ಯಾವ ಹಾವು ಅಂತ ಗೊತ್ತಾಗದಿದ್ದರೆ ಹತ್ತಿರ ಹೋಗಬೇಡಿ.

ಮರಿ ಬಿದ್ದರೆ

ಹೋದ ವರ್ಷ ಒಂದು ಬಿತ್ತು. ಬಿಳಿ ತುಪ್ಪಳ, ಮುದುಕಪ್ಪನ ಮುಖ, ಮುಟ್ಟಲು ಹೋದರೆ ತಲೆ ತಗ್ಗಿಸಿ ಓಲಾಡುತ್ತಾ ಉಸ್ಸ್ ಅನ್ನುತ್ತಿತ್ತು. ಕಾಗೆಗಳು ಆಗಲೇ ಸೇರಿದ್ದವು. ಇದರ ತಂದೆ ತಾಯಿ ನೆಲಕ್ಕೆ ಬಂದು ಊಟ ಕೊಡುವುದು ಅಪರೂಪ, ಹಾಗಾಗಿ ಅಲ್ಲೇ ಬಿಟ್ಟರೆ ಸಾಯುತ್ತೆ. ದಪ್ಪ ಟವೆಲ್ ಹಾಕಿ ಮೆಲ್ಲಗೆ ಹಿಡಿಯಿರಿ, ಉಗುರಿನ ಬಗ್ಗೆ ಹುಷಾರು. ತೂತಿರುವ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿ ಇಡಿ. ಹಾಲು, ಅನ್ನ, ನೀರು ಬಾಯಿಗೆ ಹಾಕಬೇಡಿ. ಗಾಯ ಇಲ್ಲದಿದ್ದರೆ ಬೇಗ ಪೆಟ್ಟಿಗೆಗೆ ವಾಪಸ್. ಏಣಿ ಹತ್ತಲು ಅಪ್ಪಣೆ ಇರುವುದು ಆವಾಗ ಮಾತ್ರ. ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಇದ್ದರೆ ಹತ್ತಿರದ ಅರಣ್ಯ ಕಚೇರಿಗೆ ಫೋನ್ ಮಾಡಿ, ಮನೆಯಲ್ಲಿ ಸಾಕಲು ಹೋಗಬೇಡಿ.

ನಮ್ಮ ಮರಿಗೆ ಗಾಯ ಇರಲಿಲ್ಲ. ಮನೆಯವರು ಏಣಿ ಹಿಡಿದರು, ನಾನು ಹತ್ತಿದೆ. ಅತ್ತೆ ಕೆಳಗೆ ನಿಂತು ಕಾಗೆ ಓಡಿಸುತ್ತಿದ್ದರು, ಕೈಯಲ್ಲಿ ಮೊರ.

ತೊಳೆಯುವುದು ವರ್ಷಕ್ಕೊಮ್ಮೆ, ಒಳಗೆ ಮೊಟ್ಟೆ, ಮರಿ, ಗೂಬೆ ಯಾವುದೂ ಇಲ್ಲ ಅಂತ ಕೆಲವು ಸಂಜೆ ದೂರದಿಂದ ನೋಡಿ ಖಾತ್ರಿ ಮಾಡಿಕೊಂಡ ಮೇಲೆ. ಮೂಗಿಗೆ ಮಾಸ್ಕ್, ಕೈಗವಸು. ಮೊದಲು ನೀರು ಚಿಮುಕಿಸಿ, ಧೂಳು ಏಳಬಾರದು. ಉಂಡೆಯ ಪದರವನ್ನು ಪೂರ್ತಿ ಕೆರೆಯದೆ ಒಂದು ಇಂಚು ಉಳಿಸಿ, ಅದೇ ಅವುಗಳ ಹಾಸಿಗೆ. ಕೀಲಿಗೆ ಎಣ್ಣೆ ಹಾಕಿ, ಮೇಲ್ಚಾವಣಿ ನೋಡಿ. ತೆಗೆದ ಉಂಡೆಯನ್ನು ನಾನು ಮೆಣಸಿನ ಬಳ್ಳಿ ಬುಡಕ್ಕೆ ಹಾಕಿ ಮಣ್ಣು ಮುಚ್ಚುತ್ತೇನೆ.